ಕೂಡುವ ಜಾಗದ ಕುಂಕುಮ

ನಮ್ಮ ಕಟ್ಟಡದ ಬಾಗಿಲಿಗೆ ಇರುವುದು ಎರಡೇ ಮೆಟ್ಟಿಲು. ಡೊಂಬಿವಲಿಯಲ್ಲಿ ಮಳೆಗಾಲ ಬಂತೆಂದರೆ ಗಟಾರದ ನೀರು ಯಾರ ಅಪ್ಪಣೆಯನ್ನೂ ಕೇಳದೆ ಮನೆಯೊಳಗೆ ಬರುತ್ತದೆ. ಅದಕ್ಕೇ ಕಟ್ಟಿಸಿದವನು ನಾವಿರುವ ತಳಮಹಡಿಯನ್ನು ಅಷ್ಟು ಎತ್ತರಿಸಿದ್ದ. ಮದುವೆಯಾಗಿ ಬಂದಾಗಿನಿಂದ ಆ ಮೆಟ್ಟಿಲುಗಳನ್ನು ಹತ್ತಿ ಇಳಿದವಳು ನಾನು, ಒಂದು ದಿನವೂ ಅವನ್ನು ನೋಡಿರಲಿಲ್ಲ. ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು, ಸೊಂಟದ ಮೂಳೆಗೆ ರಾಡು ಹಾಕಿಸಿಕೊಂಡು, ವೀಲ್‌ಚೇರಿನಲ್ಲಿ ಮನೆಗೆ ಬಂದ ದಿನ ಅವು ಕಣ್ಣಿಗೆ ಬಿದ್ದವು.

ಅವತ್ತು ಅವರನ್ನು ಕುರ್ಚಿಸಮೇತ ಎತ್ತಿದ್ದು ನನ್ನ ಗಂಡ, ವಾಚ್‌ಮನ್, ರಿಕ್ಷಾದವನು ಮತ್ತು ನಮ್ಮ ಸೊಸೈಟಿಯ ಸೆಕ್ರೆಟರಿ. ಸೆಕ್ರೆಟರಿ ಉಡುಪಿ ಕಡೆಯವರು, ಸ್ಟೇಷನ್ನಿನ ಹತ್ತಿರ ಅವರದೊಂದು ವೆಜ್ ಹೋಟೆಲು. ಇಡ್ಲಿ ಹಿಟ್ಟಿನ ದೊಡ್ಡ ಪಾತ್ರೆ ಎತ್ತಿ ಪಳಗಿದ ಕೈ ಅವರದು. ಆದರೂ ಎರಡನೆಯ ಮೆಟ್ಟಿಲಲ್ಲಿ ಕುರ್ಚಿ ಒಂದು ಕಡೆ ವಾಲಿತು. ಅತ್ತೆ ಬೀಳಲಿಲ್ಲ, ಆದರೆ ಸೆರಗು ಜಾರಿತು, ಕಾಲು ಗಾಳಿಯಲ್ಲಿ ತೂಗಿತು, ಮೇಲಿನ ಮಹಡಿಯವರೆಲ್ಲ ಗ್ಯಾಲರಿಯಿಂದ ಬಗ್ಗಿ ನೋಡಿದರು. ಒಳಗೆ ಬಂದ ಮೇಲೆ ಅವರು ಸೆರಗು ಸರಿಮಾಡಿಕೊಂಡು ಒಂದೇ ಮಾತು ಹೇಳಿದರು.

"ನಾಲ್ಕ ಮಂದಿ ಹೆಗಲ ಮ್ಯಾಲ ಹೋಗೂದು ಒಂದ ಸಲ. ಅದರ ತಾಲೀಮು ನನಗ ಬ್ಯಾಡ. ಇನ್ನ ಮುಂದ ಯಾರೂ ನನ್ನ ಎತ್ತಬ್ಯಾಡ್ರಿ."

ನಮ್ಮತ್ತೆ ಬಾಗಲಕೋಟೆ ಕಡೆಯವರು. ಹಟದಲ್ಲಿ ಅವರಿಗೆ ಸಾಟಿ ಯಾರೂ ಇಲ್ಲ, ಇದ್ದರೆ ನಾನೊಬ್ಬಳು. ಆಡಿದಂತೆ ನಡೆದರು. ಡಾಕ್ಟರ ಬಳಿಗೂ ಹೋಗಲಿಲ್ಲ, ಡಾಕ್ಟರೇ ಬರಬೇಕಾಯಿತು. ಶನಿವಾರದ ಭಜನೆಗೆ ಹೋಗುವುದು ನಿಂತಿತು. ಇಡೀ ದಿನ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ನಮ್ಮ ಕಿಟಕಿಯ ಮೇಲರ್ಧಕ್ಕೆ ತಗಡಿನ ಮರೆ, ಕೆಳಗಿನಿಂದ ಕಾಣುವುದು ನಿಂತ ಸ್ಕೂಟರುಗಳು ಮತ್ತು ಹೋಗಿಬರುವವರ ಕಾಲುಗಳು. ಚಪ್ಪಲಿ ನೋಡಿ ಮಂದಿಯನ್ನು ಗುರುತು ಹಿಡಿಯುವುದನ್ನು ಕಲಿತಿದ್ದರು.

ಮಳೆಗಾಲ ಹಿಡಿಯಿತು. ಪಂಚಮಿ ಹತ್ತಿರ ಬಂತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅತ್ತೆಯ ಅಣ್ಣತಮ್ಮಂದಿರು ಯಾರೂ ಉಳಿದಿಲ್ಲ. ಉಳಿದವರು ವಿಠ್ಠಲವಾಡಿಯಲ್ಲಿರುವ ತಂಗಿ ಒಬ್ಬರೇ. ಆ ತಂಗಿಯ ಮನೆಯೇ ಅವರಿಗೆ ತವರು. ಪ್ರತಿ ವರ್ಷ ಪಂಚಮಿಯ ದಿನ ಅಲ್ಲಿಗೆ ಹೋಗಿ, ಅಕ್ಕತಂಗಿಯರು ಸೇರಿ ನಾಗಪ್ಪನಿಗೆ ಹಾಲೆರೆದು, ಅಳ್ಳಿಟ್ಟು ಉಂಡಿ ತಿಂದು, ಊರಲ್ಲಿ ಸತ್ತವರನ್ನೂ ಬದುಕಿದವರನ್ನೂ ಒಟ್ಟಿಗೇ ಬೈದು ಬರುತ್ತಿದ್ದರು. ತಂಗಿಗೆ ಮೊಣಕಾಲು ನೋವು, ಅವರು ಇಲ್ಲಿಗೆ ಬರಲಾರರು. ಈ ಪಂಚಮಿಗೆ ಹೊರಬೀಳದಿದ್ದರೆ ನಮ್ಮತ್ತೆ ಇನ್ನೆಂದೂ ಹೊರಬೀಳುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಮನುಷ್ಯರು ಒಂದು ಹಬ್ಬ ಬಿಟ್ಟರೆ ಎರಡನೆಯದನ್ನು ಬಿಡುವುದು ಸುಲಭ.

ಸೊಸೈಟಿಯವರನ್ನು ಸಿಮೆಂಟಿನ ರ‍್ಯಾಂಪ್ ಕಟ್ಟಿಸಿಕೊಡಿ ಎಂದು ಕೇಳಿದೆ. ದಾರಿ ಇಕ್ಕಟ್ಟು, ಸ್ಕೂಟರು ತಿರುಗುವುದಿಲ್ಲ ಎಂದರು. ನಾನು ಜಗಳ ತೆಗೆದೆ. ಸೆಕ್ರೆಟರಿ ಪಾಪ, ಹೋಟೆಲಿನಿಂದ ಬಂದವರು ಬೆವರು ಒರೆಸಿಕೊಳ್ಳುತ್ತ, "ಎಂತ ಮಾಡುದು ಅಕ್ಕ, ಕಮಿಟಿಯಲ್ಲಿ ನನ್ನ ಮಾತು ಯಾರು ಕೇಳ್ತಾರೆ? ಹಾಕಿ ತೆಗೆಯುವಂಥದ್ದು ಮಾಡಿ. ಅದಕ್ಕೆ ಯಾರೂ ಎಂತದೂ ಹೇಳುದಿಲ್ಲ" ಎಂದರು.

ಹಾಕಿ ತೆಗೆಯುವಂಥದ್ದು. ಕಬ್ಬಿಣದ್ದಾದರೆ ಅದನ್ನು ಎತ್ತಲು ಮತ್ತೆ ನಾಲ್ಕು ಮಂದಿ ಬೇಕು. ನಾನೊಬ್ಬಳೇ ಎತ್ತುವಂತಿರಬೇಕಾದರೆ ಅಲ್ಯೂಮಿನಿಯಮ್ಮೇ ಗತಿ. ರಸ್ತೆಯ ತುದಿಯ ಗ್ರಿಲ್ ಅಂಗಡಿಯವನು ಕೇಳಿದ್ದೇ ತಡ ಕೈ ಅಲ್ಲಾಡಿಸಿದ. "ಅಲ್ಯೂಮಿನಿಯಂ ವೆಲ್ಡಿಂಗ್ ಅಪನೇ ಸೆ ನಹೀ ಹೋತಾ ಭಾಭಿ, ಸ್ಕ್ರೂ ಮಾರ್ ದೇತಾ ಹೂಂ." ಬೆಸೆಯಲಾಗದು, ಸ್ಕ್ರೂ ಹೊಡೆದುಕೊಡುತ್ತಾನಂತೆ. ಸ್ಕ್ರೂ ಸಡಿಲಾದರೆ ನಮ್ಮತ್ತೆಯನ್ನು ಹಿಡಿಯುವವರು ಯಾರು? ಮನೆಗೆ ಬಂದು ಗಂಡನಿಗೆ ಹೇಳಿದೆ: ನಾನೇ ಮಾಡುತ್ತೇನೆ.

ಇದು ಬರೀ ಬಾಯಿಮಾತಲ್ಲ. ಅಂಬರನಾಥದ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದಲ್ಲಿದ್ದೆ. ಬೆಸೆದ ಕಬ್ಬಿಣವನ್ನು ಪರೀಕ್ಷಿಸುವುದು, ಸರಿಯಿಲ್ಲದ್ದರ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯುವುದು ನನ್ನ ಕೆಲಸ. ನನ್ನ ಸೀಮೆಸುಣ್ಣ ಕಂಡರೆ ವೆಲ್ಡರುಗಳು ಮುಖ ತಿರುಗಿಸುತ್ತಿದ್ದರು. ಬೆಸುಗೆ ಎಲ್ಲಿ ಸುಳ್ಳು ಹೇಳುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಕೈಯಲ್ಲಿ ವೆಲ್ಡಿಂಗ್ ಗನ್ ಹಿಡಿದಿರಲಿಲ್ಲ, ಅಷ್ಟೇ. ಗಂಡ ಠಾಣೆಯ ಬ್ಯಾಂಕಿನಲ್ಲಿ ದಿನವಿಡೀ ಗಿರಾಕಿಗಳ ಮಾತು ಕೇಳಿ ಬರುವವರು, ಮನೆಯಲ್ಲಿ ವಾದ ಮಾಡುವುದಿಲ್ಲ. "ಮಾಡು. ಮೊದಲ ಮನಿ ಸುಡಬ್ಯಾಡ" ಎಂದರು. ನವಿ ಮುಂಬೈಯಲ್ಲಿ ಕೆಲಸ ಮಾಡುವ ಮಗಳು ಫೋನಿನಲ್ಲೇ ನಕ್ಕಳು: "ಆಯಿ, ತುಲಾ ವೇಡ್ ಲಾಗ್ಲಂಯ ಕಾ?" ಹುಚ್ಚು ಹಿಡಿದಿದೆಯಾ ಎಂದು ಕೇಳಿದವಳೇ ಆನ್‌ಲೈನಿನಲ್ಲಿ ಮಶೀನನ್ನೂ ಆರ್ಡರ್ ಮಾಡಿದಳು.

ಬಂದದ್ದು ಒಂದು ಅಗ್ಗದ ಮಿಗ್ ವೆಲ್ಡಿಂಗ್ ಮಶೀನು, ಹೊಲಿಗೆ ಯಂತ್ರದ ಪೆಟ್ಟಿಗೆಯಷ್ಟು ದೊಡ್ಡದು. ಇದರಲ್ಲಿ ಬೆಸೆಯುವ ತಂತಿ ಸುರುಳಿಯಿಂದ ತಾನಾಗಿ ಬಿಚ್ಚಿಕೊಂಡು, ಕೊಳವೆಯೊಳಗಿಂದ ಹಾದು, ಗನ್ನಿನ ತುದಿಯಲ್ಲಿ ಹೊರಬರುತ್ತದೆ. ಗನ್ನಿನ ಕುದುರೆ ಒತ್ತಿದರೆ ಕಿಡಿ ಹತ್ತಿ ತಂತಿ ಕರಗುತ್ತದೆ. ಜೊತೆಗೆ ಕೊಟ್ಟಿದ್ದು ಕಬ್ಬಿಣದ ತಂತಿ. ಅಲ್ಯೂಮಿನಿಯಮ್ಮಿಗೆ ಅದರದೇ ತಂತಿ ಬೇಕು, ಗಾಳಿ ತಾಗದಂತೆ ಕಾಯಲು ಶುದ್ಧ ಆರ್ಗಾನ್ ಗ್ಯಾಸು ಬೇಕು. ಸಿಲಿಂಡರನ್ನು ಕಲ್ಯಾಣದಿಂದ ತರಿಸಿದೆ. ಮನೆಯ ಹಿಂಬದಿಗೆ ಬಟ್ಟೆ ಒಗೆಯುವ ಜಾಗವಿದೆ. ಮೂರು ಕಡೆ ಗೋಡೆ, ಮೇಲೆ ಅರ್ಧಕ್ಕೆ ತಗಡಿನ ಪತ್ರಾ. ನೆಲ ಒರೆಸಿ ಒಣಗಿಸಿ, ರಬ್ಬರ್ ಹಾಸಿ, ಹಳೆಯ ಮೇಜು ಹಾಕಿ, ಅದನ್ನೇ ನನ್ನ ಕಾರ್ಖಾನೆ ಮಾಡಿಕೊಂಡೆ.

ಮೊದಲ ದಿನವೇ ತಂತಿ ನನಗೆ ಬುದ್ಧಿ ಕಲಿಸಿತು. ಅಲ್ಯೂಮಿನಿಯಂ ತಂತಿ ಬಹಳ ಮೆತ್ತಗೆ. ಕೊಳವೆಯೊಳಗೆ ಎಲ್ಲಾದರೂ ತಡೆದರೆ ಹಿಂದಿನಿಂದ ಚಕ್ರ ನೂಕುತ್ತಲೇ ಇರುತ್ತದೆ, ತಂತಿ ಪೆಟ್ಟಿಗೆಯೊಳಗೇ ಶಾವಿಗೆಯ ಗಂಟಾಗುತ್ತದೆ. ಬಿಡಿಸುವುದು, ಕತ್ತರಿಸುವುದು, ಮತ್ತೆ ಪೋಣಿಸುವುದು. ಹಿಂಬದಿಯ ಕಿಟಕಿಯಿಂದ ಅತ್ತೆಯ ದನಿ: "ಶಾವಗಿ ಹೊಸ್ಯಾಕ ಹತ್ತೀಯೇನವಾ? ಹಾಲು ಕಾಸಲೇನು?" ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ನಗುವೂ ಬಂತು. ಕೊಳವೆಯ ಒಳಗಿನ ಕಬ್ಬಿಣದ ಸುರುಳಿ ತೆಗೆದು ನುಣುಪಾದ ಟೆಫ್ಲಾನ್ ನಳಿಗೆಯನ್ನು ಹಾಕಿದೆ, ಚಕ್ರದ ಹಿಡಿತ ಸಡಿಲಿಸಿದೆ, ಕೊಳವೆ ಎಲ್ಲೂ ಮಡಚದಂತೆ ನೆಟ್ಟಗೆ ಚಾಚಿದೆ. ಆಮೇಲೆ ತಂತಿ ತಕರಾರಿಲ್ಲದೆ ಬಂತು.

ಎರಡನೆಯ ಪಾಠ ಬಿಸಿಯದು. ಕಬ್ಬಿಣ ಕರಗುವ ಮುನ್ನ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ. ಅಲ್ಯೂಮಿನಿಯಂ ಹಾಗಲ್ಲ, ಮುಖದ ಬಣ್ಣ ಒಂಚೂರೂ ಬದಲಿಸದೆ ಕೂತಿದ್ದು ಒಮ್ಮೆಲೇ ಕುಸಿಯುತ್ತದೆ, ನಮ್ಮತ್ತೆಯ ಸಿಟ್ಟಿನ ಹಾಗೆ. ಕೈ ನಿಂತರೆ ತೂತು, ಓಡಿದರೆ ಹಿಡಿಯುವುದಿಲ್ಲ. ಚೂರುಪಾರು ಪಟ್ಟಿಗಳ ಮೇಲೆ ಅಭ್ಯಾಸ ಮಾಡಿದೆ. ಗನ್ನನ್ನು ಎಳೆಯಬಾರದು, ಮುಂದಕ್ಕೆ ನೂಕಬೇಕು, ನಿಲ್ಲದೆ ಒಂದೇ ವೇಗದಲ್ಲಿ ನೂಕಬೇಕು. ಕೆಲವೇ ದಿನಗಳಲ್ಲಿ ಗನ್ನಿನ ಸದ್ದು ಕೇಳಿಯೇ ಬೆಸುಗೆ ಕೂತಿತೋ ಇಲ್ಲವೋ ಹೇಳಬಲ್ಲವಳಾದೆ. ಅಭ್ಯಾಸದ ತುಂಡುಗಳನ್ನು ಇಕ್ಕಳದಲ್ಲಿ ಹಿಡಿದು ಸುತ್ತಿಗೆಯಿಂದ ಬಡಿದೆ. ಪಟ್ಟಿ ಬಾಗಿತು, ಬೆಸುಗೆ ಬಿಡಲಿಲ್ಲ. ನನ್ನ ಸೀಮೆಸುಣ್ಣಕ್ಕೆ ಗೆರೆ ಎಳೆಯಲು ಜಾಗ ಸಿಗಲಿಲ್ಲ. ಹೆಮ್ಮೆಯಾಯಿತು ಎಂದು ಬಾಯಿಬಿಟ್ಟೇ ಹೇಳುತ್ತೇನೆ.

ನಾಗರ ಅಮಾವಾಸ್ಯೆಯ ಹೊತ್ತಿಗೆ ನಿಜವಾದ ಸಾಮಾನು ಸಿದ್ಧವಾಯಿತು. ಎರಡು ಉದ್ದದ ದಪ್ಪ ಪಟ್ಟಿ, ನಡುವೆ ಅಡ್ಡಪಟ್ಟಿಗಳು, ಥೇಟ್ ಏಣಿಯ ಹಾಗೆ. ಬೆಸೆದ ಮೇಲೆ ಮೇಲೊಂದು ಚಕ್ರ ಜಾರದಂಥ ಅಲ್ಯೂಮಿನಿಯಂ ಹಾಳೆ ಕೂರಿಸುವುದು. ಅಲ್ಯೂಮಿನಿಯಮ್ಮಿಗೆ ಕೊಳೆ ಎಂದರೆ ಆಗದು. ಹಾಗಾಗಿ ಕೂಡುವ ಜಾಗವನ್ನೆಲ್ಲ ಮೊದಲು ಜಿಡ್ಡು ತೆಗೆಯುವ ಅಸಿಟೋನಿನಿಂದ ಒರೆಸಿ, ಆಮೇಲೆ ಹೊಸ ಸ್ಟೀಲ್ ಬ್ರಷ್ಷಿನಿಂದ ಉಜ್ಜಿ, ಮೇಜಿನ ಮೇಲೆ ಏಣಿಯ ಆಕಾರಕ್ಕೆ ಬಿಗಿದಿಟ್ಟು ಸ್ನಾನಕ್ಕೆ ಹೋದೆ. ಅಭ್ಯಾಸದ ಮಾತು ಬೇರೆ, ನಿಜವಾದ ಕೆಲಸಕ್ಕೆ, ಅದೂ ಅಮಾವಾಸ್ಯೆ ದಿನ, ಪೂಜೆಯಿಲ್ಲದೆ ಹೊಸ ಯಂತ್ರಕ್ಕೆ ಕೈ ಹಚ್ಚುವವರು ನಮ್ಮಲ್ಲಿ ಯಾರೂ ಇಲ್ಲ. ಅಂಬರನಾಥದಲ್ಲೂ ಕಾಯಿ ಒಡೆಯದೆ ಒಂದು ಹೊಸ ಲೇತ್ ತಿರುಗಿದ್ದನ್ನು ನಾನು ಕಂಡಿಲ್ಲ.

ಬರುವಷ್ಟರಲ್ಲಿ ಅತ್ತೆ ಪೂಜೆ ಮುಗಿಸಿದ್ದರು. ಮಶೀನಿಗೆ ವಿಭೂತಿ, ಸಿಲಿಂಡರಿಗೆ ಹೂವಿನ ಸರ, ಮುಂದೆ ಊದುಬತ್ತಿ. ಸಾಲದ್ದಕ್ಕೆ ಕುರ್ಚಿಯನ್ನು ಮೇಜಿನ ಸುತ್ತ ನೂಕಿಕೊಂಡು, ಅಡ್ಡಪಟ್ಟಿ ಉದ್ದಪಟ್ಟಿಗೆ ಕೂಡುವಲ್ಲೆಲ್ಲ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಿದ್ದರು. ಪುಡಿ ಉದುರಬಾರದಲ್ಲ, ಅದಕ್ಕೆ ಎಣ್ಣೆ. "ಎರಡು ಕೂಡೂ ಜಾಗಕ್ಕ ಕುಂಕುಮ ಇರಬೇಕು" ಎಂದರು. ಅವರ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ಗೆಲುವು ಇತ್ತು.

ಆಗ ನಾನು ಮಾಡಿದ್ದನ್ನು ನಮ್ಮ ಮನೆಯಂಥ ಮನೆಯವರು ಮಾತ್ರ ಮಾಡಿಯಾರು. ಬೆರಳಿನಿಂದ ಕುಂಕುಮ ತೆಗೆದು ಹಣೆಗೆ ಹಚ್ಚಿಕೊಂಡೆ, ಕಣ್ಣಿಗೆ ಒತ್ತಿಕೊಂಡೆ, ಉಳಿದದ್ದನ್ನು ಒಣಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಅಸಿಟೋನಿನ ಶೀಶೆ ಕೈಯಳತೆಯಲ್ಲೇ ಇತ್ತು. ಮುಟ್ಟಲಿಲ್ಲ. ಎಣ್ಣೆ ತಾಗಿದ ಜೋಡಣೆಯನ್ನು ಕಾರ್ಖಾನೆಯಲ್ಲಿ ಯಾರಾದರೂ ತಂದಿದ್ದರೆ ಅವರ ಜನ್ಮ ಜಾಲಾಡುತ್ತಿದ್ದವಳು ನಾನು. ಆದರೆ ಅತ್ತೆ ಇಟ್ಟ ಕುಂಕುಮವನ್ನು ಔಷಧ ಸುರಿದು ತೊಳೆಯಲು ಕೈ ಬರಲಿಲ್ಲ, ಒರೆಸಿದ್ದೇ ಸಾಕೆಂದುಕೊಂಡೆ. ಹೆಲ್ಮೆಟ್ ಇಳಿಸಿಕೊಂಡು ಕುದುರೆ ಒತ್ತಿದೆ.

ಸದ್ದೇ ಬೇರೆ ಬಂತು. ಚಿಟಿಚಿಟಿ ಎನ್ನುತ್ತ ಕಪ್ಪು ಮಸಿ ಹಾರಿತು. ಮೋಡ ಕವಿದ ದಿನ, ತೇವಕ್ಕೆ ಹಾಗಾಗುತ್ತಿರಬೇಕು ಅಂದುಕೊಂಡು ಮುಗಿಸಿದೆ. ತಣಿದ ಮೇಲೆ ಮಸಿ ಉಜ್ಜಿದರೆ ಮೇಲ್ಮೈ ಒಪ್ಪವಾಗೇ ಕಂಡಿತು. ಏಣಿಯನ್ನು ಎರಡು ಸ್ಟೂಲುಗಳ ಮೇಲಿಟ್ಟು ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ಭಾರ ಬಿಟ್ಟೆ. ಚಟ್ ಎಂದಿತು. ಪಕ್ಕದ್ದರ ಮೇಲೆ ಇಟ್ಟೆ. ಅದೂ ಚಟ್. ಅತ್ತೆ ಹಿಂಬಾಗಿಲಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಕುರ್ಚಿ ತಿರುಗಿಸಿ ಒಳಗೆ ಹೋದರು.

ಗ್ಲೌಸು ಕಿತ್ತು ಮೋರಿಗೆ ಎಸೆದೆ. ಗ್ಯಾಸಿನವನನ್ನು ಬೈದೆ, ಮಳೆಯನ್ನು ಬೈದೆ, ಮಶೀನು ಮಾಡಿದವನ ಏಳು ತಲೆಮಾರನ್ನು ಬೈದೆ. ಆಮೇಲೆ ಮುರಿದ ಜಾಗ ಹಿಡಿದು ನೋಡಿದೆ. ಒಳಗೆಲ್ಲ ದೋಸೆಯ ಮೈಯ ಹಾಗೆ ತೂತು. ಅಭ್ಯಾಸದ ತುಂಡುಗಳಲ್ಲಿ ಇಂಥ ಒಂದು ತೂತೂ ಇರಲಿಲ್ಲ. ತಂತಿ ಅದೇ, ಗ್ಯಾಸು ಅದೇ, ಕೈ ಅದೇ. ಬೆವರು ಕಣ್ಣಿಗೆ ಇಳಿಯುತ್ತಿತ್ತೆಂದು ಹಣೆ ಒರೆಸಿಕೊಂಡೆ. ಬೆರಳು ಕೆಂಪಾಗಿ, ಜಿಡ್ಡುಜಿಡ್ಡಾಗಿ ಬಂತು, ಕೊಬ್ಬರಿ ಎಣ್ಣೆಯ ವಾಸನೆ ಹೊಡೆಯಿತು. ಕುಂಕುಮ ಹೋಗಿತ್ತು, ಎಣ್ಣೆ ಅಲ್ಲೇ ಕೂತಿತ್ತು. ಅದು ಉರಿದು ಹೊಗೆಯಾಗಿ ಬೆಸುಗೆಯೊಳಗೇ ಸಿಕ್ಕಿಕೊಂಡಿತ್ತು.

ಕಾರಣ ಸಿಕ್ಕಿತೆಂದು ಸಮಾಧಾನವಾಗುವಷ್ಟರಲ್ಲಿ ಒಳಗಿನಿಂದ ಅತ್ತೆಯ ಮಾತು ಕೇಳಿಸಿತು. ತಂಗಿಗೆ ಫೋನು ಮಾಡಿದ್ದರು. "ಕೂಡಲಿಲ್ಲವಾ. ಪೂಜಿ ಮಾಡಿ ಹಚ್ಚಿದ್ರೂ ಕೂಡಲಿಲ್ಲ ಅಂದ್ರ ದೇವರ ಮನಸಿನ್ಯಾಗ ಇಲ್ಲ. ನನ್ನ ಪಾಲಿನ ಉಂಡಿ ತಗದಿಡಬ್ಯಾಡ. ಈ ವರ್ಷನೂ ಬ್ಯಾಡ, ಮುಂದೂ ಬ್ಯಾಡ."

ಒಳಗೆ ಹೋಗಿ ಅವರ ಕೈಯಿಂದ ಫೋನು ತೆಗೆದುಕೊಂಡೆ. ಹಿರಿಯರ ಕೈಯಿಂದ ಕಸಿದುಕೊಂಡೆ ಎಂದೇ ಅನ್ನಿ. "ಚಿಗವ್ವಾ, ಪಾಲು ತಗದಿಡ್ರಿ. ಎರಡ ಉಂಡಿ ಹೆಚ್ಚ ಇಡ್ರಿ. ನಾವು ಬರ್ತೀವಿ" ಎಂದು ಹೇಳಿ ಇಟ್ಟೆ.

ಅತ್ತೆ ನನ್ನನ್ನು ನೋಡಿದರು. ಸುಳ್ಳು ಹೇಳಬಹುದಿತ್ತು, ಮಳೆಯ ಮೇಲೆ ಹಾಕಬಹುದಿತ್ತು. ಆದರೆ ದೇವರೇ ಬೇಡವೆಂದ ಎಂದು ಅವರು ಕೂತುಬಿಟ್ಟರೆ ಯಾವ ಬೆಸುಗೆಯಿಂದಲೂ ಉಪಯೋಗವಿರಲಿಲ್ಲ.

"ದೇವರಲ್ರಿ ಅತ್ತಿ, ಎಣ್ಣಿ" ಎಂದೆ. "ಎಣ್ಣಿ ಇದ್ದಲ್ಲಿ ಇದು ಕೂಡೂದಿಲ್ಲ."

ಅವರ ಮುಖ ಸಣ್ಣದಾಯಿತು. "ನಾ ಹಚ್ಚಿದ ಕುಂಕುಮದಿಂದ ಮುರೀತೇನು?"

"ಕುಂಕುಮದಿಂದ ಅಲ್ಲ. ಅದನ್ನ ನಾ ಅಸಿಟೋನ್ ಹಾಕಿ ತೊಳೀಬೇಕಿತ್ತು. ನೀವು ಹಚ್ಚಿದ್ದನ್ನ ತೊಳ್ಯಾಕ ಕೈ ಬರಲಿಲ್ಲ."

ಅವರು ಕುರ್ಚಿಯನ್ನು ನನ್ನತ್ತ ತಿರುಗಿಸಿದರು. ಆಮೇಲೆ ಅಂದರು: "ಮದುವಿ ಆದಾಗಿಂದ ನನಗ ಎದುರ ಮಾತಾಡಾಕ ನಿನಗ ಬಾಯಿ ಬಂದೈತಿ. ಫೋನ್ ಕಸಗೊಳ್ಳಾಕ ಕೈ ಬಂದೈತಿ. ಇದಕ್ಕೊಂದ ಬರಲಿಲ್ಲೇನು? ತಾ ಇಲ್ಲೆ ಆ ಶೀಶೆ. ಹಚ್ಚಿದಾಕಿ ನಾನ ಒರಸ್ತೀನಿ."

ಮುಂದಿನ ದಿನಗಳಲ್ಲಿ ಆ ಹಿಂಬದಿಯ ಕಾರ್ಖಾನೆಗೆ ಇಬ್ಬರು ಕೆಲಸದವರಾದೆವು. ನಾನು ಕೆಟ್ಟ ಬೆಸುಗೆಯನ್ನೆಲ್ಲ ಕೆರೆದು ತೆಗೆದೆ. ಅತ್ತೆ ರಬ್ಬರ್ ಗ್ಲೌಸು ಹಾಕಿಕೊಂಡು ಒಂದೊಂದೇ ತುದಿಯನ್ನು ಅಸಿಟೋನಿನಿಂದ ಒರೆಸಿ, ಬ್ರಷ್ಷಿನಿಂದ ಉಜ್ಜಿ, ಮತ್ತೆ ಒರೆಸಿದರು. ಒರೆಸಿದ ಬಿಳಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬಟ್ಟೆ ಬೆಳ್ಳಗೆ ಬರುವ ತನಕ ತುಂಡು ನನ್ನ ಕೈಗೆ ಕೊಡುತ್ತಿರಲಿಲ್ಲ. ಅವಸರ ಮಾಡಿದರೆ "ತಡಿ, ಇನ್ನೂ ಹೊಲಸೈತಿ" ಎಂದು ಗದರುತ್ತಿದ್ದರು. ಪಾತ್ರೆ ತಿಕ್ಕಲು ಬರುವ ಹೆಂಗಸು ಆ ಬ್ರಷ್ಷನ್ನು ಎತ್ತಿಕೊಂಡದ್ದಕ್ಕೆ ಮರಾಠಿಯಲ್ಲಿ ಅತ್ತೆ ಮಾಡಿದ ರಂಪ ಮೂರನೆಯ ಮಹಡಿಗೆ ಕೇಳಿಸಿತು. ಅವರು ಒಳಗೆ ಹೋಗಿ, ಅಸಿಟೋನಿನ ವಾಸನೆ ಪೂರ್ತಿ ಹೋದ ಮೇಲೆಯೇ ನಾನು ಕಿಡಿ ಹಚ್ಚುತ್ತಿದ್ದೆ.

ಈ ಸಲ ಸದ್ದು ಸರಿಯಾಗಿ ಬಂತು. ಏಣಿಯನ್ನು ಸ್ಟೂಲುಗಳ ಮೇಲಿಟ್ಟು ನಾನು ನಿಂತೆ, ಕುಣಿದೆ. ಗಂಡನನ್ನು ನಿಲ್ಲಿಸಿ ಕುಣಿಸಿದೆ. ಕೊನೆಗೆ ಸೆಕ್ರೆಟರಿಯವರನ್ನೂ ಕರೆದೆವು, ನಮ್ಮ ಕಟ್ಟಡದಲ್ಲಿ ಅವರಿಗಿಂತ ತೂಕದವರು ಇಲ್ಲ. ಅವರು ಅಂಜುತ್ತ ಹತ್ತಿ, ಒಮ್ಮೆ ಜಗ್ಗಿ ನೋಡಿ, "ಗಟ್ಟಿ ಉಂಟು ಮಾರಾಯ್ರೆ" ಎಂದರು. ಪ್ರತಿ ಬೆಸುಗೆಯನ್ನೂ ನಾನು ಟಾರ್ಚು ಹಿಡಿದು ನೋಡಿದೆ. ಬೇರೆ ಯಾರದೇ ಕೆಲಸವಾಗಿದ್ದರೂ ಪಾಸು ಮಾಡುತ್ತಿದ್ದೆ. ಹಾಳೆ ಕೂರಿಸಿ, ಅಂಚುಗಳನ್ನು ತಿಕ್ಕಿ, ಅತ್ತೆಯ ಮುಂದಿಟ್ಟೆ. ಅವರು ಕುಂಕುಮದ ಬಟ್ಟಲು ತಂದು ಎಲ್ಲ ಕೂಡುವ ಜಾಗಕ್ಕೂ, ಎಣ್ಣೆಯಲ್ಲೇ ಕಲಸಿ, ಧಾರಾಳವಾಗಿ ಹಚ್ಚಿದರು. ನಾನು ಬೇಡ ಅನ್ನಲಿಲ್ಲ.

ಪಂಚಮಿಯ ಬೆಳಿಗ್ಗೆ ಮಳೆ ಬಿಟ್ಟಿತ್ತು. ರ‍್ಯಾಂಪನ್ನು ನಾನೊಬ್ಬಳೇ ಎತ್ತಿ ತಂದು ಮೆಟ್ಟಿಲಿಗೆ ಕೂರಿಸಿದೆ. ಗ್ಯಾಲರಿಯಲ್ಲಿ ಮತ್ತೆ ಅದೇ ತಲೆಗಳು. ಹಿಂದುಮುಂದಾಗಿ ಇಳಿಸುವುದು ಕ್ಷೇಮವೆಂದು ನಾನು ಕುರ್ಚಿ ತಿರುಗಿಸಲು ಹೋದರೆ ಅತ್ತೆ ಚಕ್ರ ಹಿಡಿದು ನಿಲ್ಲಿಸಿದರು. "ಬೆನ್ನ ಮಾಡಿ ಹೊರಗ ಹೋಗಾಕ ನಾ ಏನ ಕಳವು ಮಾಡೇನೇನು?" ಕೊನೆಗೆ ಗಂಡ ಕೆಳಗೆ ಎದುರು ನಿಂತರು, ನಾನು ಹಿಂದಿನ ಹಿಡಿ ಬಿಗಿಹಿಡಿದೆ. ಅತ್ತೆ ಹೊಸ ಇಳಕಲ್ ಸೀರೆಯ ಸೆರಗು ಹೊದ್ದು, ಮುಖ ರಸ್ತೆಗೆ ಮಾಡಿ ಇಳಿದರು. ಹಾಳೆ ಸ್ವಲ್ಪ ಗುಡುಗುಟ್ಟಿತು. ಬೆಸುಗೆ ಚಕಾರವೆತ್ತಲಿಲ್ಲ. ಚಕ್ರ ನೆಲ ಮುಟ್ಟಿದಾಗ ನನಗೆ ಅಳು ಬಂತು, ಎಲ್ಲರೆದುರೇ ಅತ್ತುಬಿಟ್ಟೆ.

ರಿಕ್ಷಾ ಕಾಯುತ್ತಿತ್ತು. ಅವರು ಅದರತ್ತ ನೋಡಲಿಲ್ಲ. "ಮೊದಲ ಮೂಲಿ ತನಕ ನಡಿ. ಕಾಯಿಪಲ್ಯೆದಾಕಿ ನಾ ಸತ್ತೇನಿ ಅಂತ ತಿಳದಾಳು" ಎಂದರು. ತರಕಾರಿಯವಳ ಜೊತೆ ಮೆಂತ್ಯದ ಸೂಡಿಗಾಗಿ ಚೌಕಾಸಿ ಮಾಡಿ, ಕೊಳ್ಳದೆ ಬಂದು, ಆಮೇಲೆ ನಮ್ಮ ಕೈ ಹಿಡಿದು ನಿಧಾನಕ್ಕೆ ರಿಕ್ಷಾದೊಳಗೆ ಕೂತರು. ವಿಠ್ಠಲವಾಡಿಯಲ್ಲಿ ತಂಗಿಯದು ನೆಲಮಟ್ಟದ ಮನೆ. ಅಕ್ಕತಂಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಸಾಕಷ್ಟು ಅತ್ತರು, ಹಾಲೆರೆದರು, ಉಂಡಿ ತಿಂದರು. ಊಟವಾದ ಮೇಲೆ ಸತ್ತವರನ್ನೂ ಬದುಕಿದವರನ್ನೂ ಬೈಯುವುದು ಶುರುವಾಯಿತು. ಬದುಕಿದವರ ಪಟ್ಟಿಯಲ್ಲಿ ನಾನೂ ಇದ್ದೆ.

ಸಂಜೆ ವಾಪಸಾದೆವು. ರ‍್ಯಾಂಪಿನ ಮೇಲೆ ಅವರನ್ನು ನೂಕಿಕೊಂಡು ಹತ್ತಿಸಿ, ಬಾಗಿಲ ಬಳಿ ಕುರ್ಚಿ ನಿಲ್ಲಿಸಿ, ರ‍್ಯಾಂಪ್ ಎತ್ತಿಡಲು ಬಗ್ಗಿದೆ.

"ಇರಲಿ ಬಿಡ" ಎಂದರು ಅತ್ತೆ. "ನಾಳಿಗೆ ಬೇಕು."

"ನಾಳಿ ಎಲ್ಲಿಗೆ ಹೋಗೂದೈತ್ರಿ?"

"ಎಲ್ಲಿಗೂ ಇಲ್ಲ" ಎಂದರು. "ಹೊರಗ."